ಇಕ್ಕಳ ಬಿದ್ದದ್ದು ಯಾರ ಕೈಯಿಂದ?

ನಾನು ಮಣಲಿಯಲ್ಲಿ ಕೆಲಸ ಮಾಡುತ್ತೇನೆ ಎಂದರೆ ಹುಬ್ಬಳ್ಳಿಯ ನೆಂಟರು ಈಗಲೂ ಸ್ವೆಟರ್ ಇದೆಯಾ ಎಂದು ಕೇಳುತ್ತಾರೆ. ಹಿಮ ಬೀಳುವ ಮನಾಲಿ ಬೇರೆ, ನನ್ನ ಮಣಲಿ ಬೇರೆ. ಇದು ಚೆನ್ನೈನ ಉತ್ತರದ ತುದಿ. ತಮಿಳಿನಲ್ಲಿ ಮಣಲ್ ಎಂದರೆ ಮರಳು. ಈಗ ಮರಳಿಗಿಂತ ಹೆಚ್ಚಾಗಿ ಕಾಣುವುದು ರಿಫೈನರಿಯ ಕೊಳವೆ ತುದಿಯ ಬೆಂಕಿ, ರಸಗೊಬ್ಬರ ಕಾರ್ಖಾನೆ, ರಸ್ತೆಯುದ್ದಕ್ಕೂ ನಿಂತ ಟ್ಯಾಂಕರ್ ಲಾರಿಗಳು. ಇಪ್ಪತ್ತು ವರ್ಷದಿಂದ ಇಲ್ಲಿನ ಒಂದು ರಾಸಾಯನಿಕ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೇನೆ. ಮಾಲು ಹೊರಗೆ ಹೋಗುವ ಮುಂಚೆ ಪರೀಕ್ಷೆ ಮಾಡುವುದು, ಹೋದ ಮೇಲೆ ದೂರು ಬಂದರೆ ಕಾರಣ ಹುಡುಕುವುದು ನನ್ನ ಕೆಲಸ.

ಕಳೆದ ಮಳೆಗಾಲದಲ್ಲಿ ನಮ್ಮ ಗೋದಾಮಿನ ಮೂಲೆಯಲ್ಲಿ ಎರಡು ಇಲಿ ಸತ್ತು ಬಿದ್ದಿದ್ದವು. ಇಲ್ಲಿ ಮಳೆಗಾಲವೆಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಹೆಲ್ಪರ್ ಹುಡುಗ ಬರಿಗೈಯಲ್ಲಿ ಬಾಲ ಹಿಡಿದು ಎತ್ತಲು ಹೋದಾಗ ನಾನು ಜೋರಾಗಿಯೇ ಕೂಗಿಬಿಟ್ಟೆ. ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು ನಕ್ಕರು. ನೀರು ಬಿಲಕ್ಕೆ ನುಗ್ಗಿದರೆ ಇಲಿ ಸಾಯದೆ ಇನ್ನೇನು, ಹೆಚ್ಚೆಂದರೆ ಎಲಿ ಕಾಯ್ಚಲ್ ಬಗ್ಗೆ ಹುಷಾರಾಗಿರಬೇಕು ಎಂದರು. ಇಲಿ ಜ್ವರಕ್ಕೆ ಇಲ್ಲಿ ಹಾಗೆನ್ನುತ್ತಾರೆ. ನಮ್ಮ ಇಲಿ ಅವರಿಗೆ ಎಲಿ, ಅಷ್ಟೇ ವ್ಯತ್ಯಾಸ.

ಆದರೆ ನಾನು ಹೆದರಿದ್ದು ಆ ಜ್ವರಕ್ಕಲ್ಲ. ನಮ್ಮ ಮನೆಯಲ್ಲಿ ಇಲಿ ಬಿತ್ತು ಎಂಬ ಮಾತಿಗೆ ಬೇರೆಯೇ ಅರ್ಥವಿತ್ತು. ಇಲಿ ಬಿತ್ತು ಎಂದರೆ ಪ್ಲೇಗ್ ಬಂತು, ಗಂಟು ಮೂಟೆ ಕಟ್ಟಿ ಹೊಲದ ಕಡೆ ನಡೆಯಬೇಕು ಎಂದರ್ಥ. ಅಜ್ಜಿ ತಾನು ಚಿಕ್ಕವಳಿದ್ದಾಗ ಊರ ಹೊರಗೆ ಗುಡಿಸಲಲ್ಲಿ ಕಳೆದ ತಿಂಗಳುಗಳ ಕಥೆ ಹೇಳುತ್ತಿದ್ದಳು. ಅವಳಿಗೆ ಅವಳ ಅಜ್ಜಿ ಹೇಳಿದ್ದು ಇನ್ನೂ ಹಳೆಯ ಕಥೆ. ಹುಬ್ಬಳ್ಳಿಗೆ ಮೊದಲ ಸಲ ಪಿಲೇಗು ಬಂದಾಗ ಸರಕಾರದವರು ಸೂಜಿ ಮಾಡಿದರಂತೆ, ತೋಳು ಬಾತು ಮೂರು ದಿನ ರೊಟ್ಟಿ ಬಡಿಯಲು ಆಗಲಿಲ್ಲವಂತೆ, ಆದರೆ ಸೂಜಿ ಮಾಡಿಸಿಕೊಳ್ಳದ ಪಕ್ಕದ ಮನೆಯಲ್ಲಿ ದೀಪ ಹಚ್ಚುವವರೂ ಉಳಿಯಲಿಲ್ಲವಂತೆ.

ಆ ಸೂಜಿಯೊಳಗಿನ ಮದ್ದು ಎಲ್ಲಿಂದ ಬಂದಿತ್ತು ಎಂಬುದು ಅಜ್ಜಿಗೆ ಗೊತ್ತಿರಲಿಲ್ಲ. ನನಗೂ ನಲವತ್ತು ದಾಟುವವರೆಗೆ ಗೊತ್ತಿರಲಿಲ್ಲ. ಅದು ಮುಂಬೈಯಿಂದ ಬಂದಿತ್ತು. ಅದನ್ನು ಮಾಡಿದವರು ವಾಲ್ಡೆಮಾರ್ ಹಾಫ್‌ಕಿನ್. ಮುಂಬೈಯ ಪರೇಲ್‌ನಲ್ಲಿ ಅವರ ಹೆಸರಿನ ಸಂಸ್ಥೆ ಇದೆ. 1964ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪನ್ನೂ ತಂದಿತ್ತು. ಹೆಸರು ಕೇಳಿದವರು ಬಹಳ ಜನ. ಆ ಮನುಷ್ಯನ ಮೇಲೆ 19 ಸಾವುಗಳ ಹೊಣೆ ಹೊರಿಸಿ ಐದು ವರ್ಷ ಕೂರಿಸಿದ್ದರು ಎಂಬುದು ಗೊತ್ತಿರುವವರು ಕಡಿಮೆ. ನನ್ನ ಕೆಲಸದಲ್ಲಿರುವವರಿಗಂತೂ ಅದು ಗೊತ್ತಿರಲೇಬೇಕು.

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ. ಆಗ ಅದು ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಯಹೂದಿ ಕುಟುಂಬ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಇಲ್ಯಾ ಮೆಚ್ನಿಕೋವ್, ಮುಂದೆ ನೊಬೆಲ್ ಪಡೆದ ವಿಜ್ಞಾನಿ. ಓದಿನಲ್ಲಿ ಮುಂದಿದ್ದ ಹುಡುಗ ಬೀದಿಯಲ್ಲೂ ಹಿಂದೆ ಉಳಿಯಲಿಲ್ಲ. ಯಹೂದಿಗಳ ಮೇಲೆ ದಂಗೆ ನಡೆದಾಗ ತನ್ನವರ ರಕ್ಷಣೆಗೆ ನಿಂತು ಗಾಯಗೊಂಡರು, ಬಂಧನಕ್ಕೂ ಒಳಗಾದರು. ಡಾಕ್ಟರೇಟ್ ಬಂತು, ಕೆಲಸ ಬರಲಿಲ್ಲ. ಮತಾಂತರವಾದರೆ ವಿಶ್ವವಿದ್ಯಾಲಯದಲ್ಲಿ ಹುದ್ದೆಯ ದಾರಿ ತೆರೆಯುತ್ತಿತ್ತು. ಅವರು ಒಪ್ಪಲಿಲ್ಲ.

1888ರಲ್ಲಿ ಊರು ಬಿಟ್ಟರು. ಮೊದಲು ಜಿನೀವಾ, ಮರುವರ್ಷ ಪ್ಯಾರಿಸ್. ಅಲ್ಲಿ ಲೂಯಿ ಪಾಶ್ಚರ್ ಅವರ ಸಂಸ್ಥೆಯಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಸಹಾಯಕನ ಕೆಲಸ. ಅದನ್ನೇ ಹಿಡಿದರು. ಹಗಲು ಪುಸ್ತಕ ಜೋಡಿಸುವುದು, ಉಳಿದ ಹೊತ್ತಿನಲ್ಲಿ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು. ಓದಿದ್ದಕ್ಕೂ ಸಿಕ್ಕ ಕೆಲಸಕ್ಕೂ ಸಂಬಂಧವಿಲ್ಲದೆ ಪರ ಊರಿನಲ್ಲಿ ವೃತ್ತಿ ಶುರು ಮಾಡಿದವರು ನಮ್ಮಲ್ಲೂ ಎಷ್ಟೋ ಜನ ಇದ್ದಾರೆ. ಅವರಿಗೆ ಈ ಭಾಗವನ್ನು ವಿವರಿಸಬೇಕಾಗಿಲ್ಲ.

1892ರ ಜುಲೈನಲ್ಲಿ ಕಾಲರಾಕ್ಕೆ ಒಂದು ಲಸಿಕೆ ಸಿದ್ಧವಾಯಿತು. ಅದನ್ನು ಮೊದಲು ಚುಚ್ಚಿಕೊಂಡದ್ದು ತಮಗೇ. ಕಾಲರಾದ ತವರಿನಲ್ಲೇ ಅದು ಕೆಲಸ ಮಾಡುತ್ತದೋ ನೋಡಬೇಕು ಎಂದು 1893ರಲ್ಲಿ ಭಾರತಕ್ಕೆ ಬಂದರು. ಕಲ್ಕತ್ತಾದ ಬಸ್ತಿಗಳಲ್ಲಿ, ಉತ್ತರ ಭಾರತದ ಊರುಗಳಲ್ಲಿ, ಅಸ್ಸಾಮಿನ ಚಹಾ ತೋಟಗಳಲ್ಲಿ ಓಡಾಡಿದರು. ಸುಮಾರು ಎರಡೂವರೆ ವರ್ಷದಲ್ಲಿ 42 ಸಾವಿರದಷ್ಟು ಜನರಿಗೆ ಸೂಜಿ ಹಾಕಿದರು. ಯಾರನ್ನೂ ಬಲವಂತ ಮಾಡಲಿಲ್ಲ, ಬಂದವರಿಗೆ ಮಾತ್ರ ಹಾಕಿದರು. ಜನ ಅನುಮಾನಿಸಿದಾಗ ಅವರೆದುರೇ ತಮ್ಮ ಮೈಗೆ ಚುಚ್ಚಿಕೊಂಡು ತೋರಿಸಿದ್ದೂ ಉಂಟು. ಕೊನೆಗೆ ಮಲೇರಿಯಾ ಹಿಡಿದು ಇಂಗ್ಲೆಂಡಿಗೆ ಹೋಗಿ ಚೇತರಿಸಿಕೊಂಡು 1896ರಲ್ಲಿ ಮರಳಿ ಬಂದರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು.

ಪ್ಲೇಗ್ ಜಗತ್ತಿಗೆ ಹೊಸದಾಗಿರಲಿಲ್ಲ. ಆರನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ ಅನ್ನು ಬರಿದು ಮಾಡಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಯುರೋಪಿನ ಮೂರನೇ ಒಂದು ಭಾಗದಷ್ಟಾದರೂ ಜನರನ್ನು ಒಯ್ದಿತ್ತು. ಮೂರನೆಯ ದೊಡ್ಡ ಅಲೆ ಚೀನಾದಿಂದ ಹೊರಟು 1894ರಲ್ಲಿ ಹಾಂಗ್‌ಕಾಂಗ್ ಮುಟ್ಟಿತು. ಅಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಈ ರೋಗದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಹಡಗಿನ ಇಲಿಗಳ ಜೊತೆ ರೋಗ ಮುಂಬೈ ಬಂದರಿನಲ್ಲಿ ಇಳಿಯಿತು. ಇಲಿಯ ಮೈಮೇಲಿನ ಚಿಗಟ ಅದನ್ನು ಮನುಷ್ಯರಿಗೆ ತಲುಪಿಸುತ್ತದೆ ಎಂಬುದನ್ನು ಪಾಲ್ ಲೂಯಿ ಸೈಮಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಇಲಿ ಸತ್ತು ತಣ್ಣಗಾದರೆ ಚಿಗಟ ಬಿಸಿ ಮೈ ಹುಡುಕುತ್ತದೆ. ಇಲಿ ಬಿತ್ತು ಎಂದ ಕೂಡಲೇ ಮನೆ ಬಿಡುತ್ತಿದ್ದ ನಮ್ಮ ಅಜ್ಜಿಯಂಥವರಿಗೆ ಕಾರಣ ತಿಳಿಯದಿದ್ದರೂ ಮಾಡಬೇಕಾದ್ದು ತಿಳಿದಿತ್ತು.

ಸರಕಾರ ಹಾಫ್‌ಕಿನ್ ಅವರನ್ನು ಅಕ್ಟೋಬರ್‌ನಲ್ಲಿ ಮುಂಬೈಗೆ ಕಳಿಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಓಣಿ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಅವರ ಪ್ರಯೋಗಾಲಯ. ಮಾಂಸದ ಸಾರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಬೇಕು. ಬೆಳೆದದ್ದು ಬೇರೆ ಯಾವುದೋ ಕ್ರಿಮಿಯಲ್ಲ, ಪ್ಲೇಗಿನದೇ ಎಂದು ಖಾತ್ರಿಯಾಗಬೇಕು. ಅವರು ಸಾರಿನ ಮೇಲೆ ಕೆಲವು ಹನಿ ತುಪ್ಪ ಬಿಟ್ಟರು. ಫ್ಲಾಸ್ಕನ್ನು ಅಲುಗಾಡಿಸದೆ ಇಟ್ಟರೆ ಪ್ಲೇಗಿನ ಬ್ಯಾಕ್ಟೀರಿಯಾ ಆ ತುಪ್ಪದ ತೆಳುಪದರಕ್ಕೆ ಅಂಟಿಕೊಂಡು ಕೆಳಗೆ ಎಳೆ ಎಳೆಯಾಗಿ ಜೋತು ಬೀಳುತ್ತಿತ್ತು. ಹಾಗೆ ಜೋತದ್ದೇ ಗುರುತು. ವಾರಗಟ್ಟಲೆ ಬೆಳೆಸಿ, ಕಾಯಿಸಿ ಬ್ಯಾಕ್ಟೀರಿಯಾವನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ. ಗುಣಮಟ್ಟದ ಪರೀಕ್ಷೆಗೆ ನಮ್ಮ ಅಡುಗೆಮನೆಯ ತುಪ್ಪ ಬಳಕೆಯಾಯಿತು ಎಂಬುದನ್ನು ಓದಿದ ದಿನ ನನಗೆ ಖುಷಿಯಾಗಿತ್ತು.

ಹಗಲು ರಾತ್ರಿ ದುಡಿತ. ಒಬ್ಬ ಸಹಾಯಕ ಮಾನಸಿಕವಾಗಿ ಕುಸಿದು ಬಿದ್ದ, ಇಬ್ಬರು ಕೆಲಸ ಬಿಟ್ಟರು ಎನ್ನುತ್ತಾರೆ. 1897ರ ಜನವರಿ 10ರಂದು ಹಾಫ್‌ಕಿನ್ ಲಸಿಕೆಯನ್ನು ತಮಗೇ ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಕೊಟ್ಟ ಪ್ರಮಾಣದ ಮೂರು ಪಟ್ಟಿಗೂ ಹೆಚ್ಚು. ಜ್ವರ ಬಂತು, ನೋವು ಬಂತು, ಇಳಿಯಿತು. ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿತು. ಒಪ್ಪಿದ ಕೈದಿಗಳಿಗೆ ಮಾತ್ರ ಸೂಜಿ ಹಾಕಿದರು, ಸುಮಾರು ಅರ್ಧ ಜನ ಒಪ್ಪಿದರು. ಸೂಜಿ ಬೇಡವೆಂದವರಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ.

ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ 1898ರಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಪ್ರತಿ ಮನೆಯಲ್ಲೂ ಅರ್ಧದಷ್ಟು ಜನರಿಗೆ ಸೂಜಿ, ಉಳಿದವರಿಗೆ ಇಲ್ಲ. ಒಂದೇ ಸೂರು, ಒಂದೇ ಊಟ, ಅದೇ ಇಲಿಗಳು. ಪ್ಲೇಗ್ ಹೊಕ್ಕ ಮನೆಗಳಲ್ಲಿ ಸೂಜಿ ಇಲ್ಲದ 64 ಮಂದಿಯಲ್ಲಿ 26 ಜನ ಸತ್ತರು. ಸೂಜಿ ಹಾಕಿಸಿಕೊಂಡ 71 ಮಂದಿಯಲ್ಲಿ ಸತ್ತವರು 3. ಲಸಿಕೆ ನೂರಕ್ಕೆ ನೂರು ಕಾಯುತ್ತಿರಲಿಲ್ಲ. ಹಾಫ್‌ಕಿನ್ ಹಾಗೆಂದು ಹೇಳಿಕೊಳ್ಳಲೂ ಇಲ್ಲ. ಎಷ್ಟು ಕಾಯುತ್ತದೆ ಎಂದು ಲೆಕ್ಕ ಇಟ್ಟು ತೋರಿಸಿದರು.

ಅದೇ ಕಾಲದಲ್ಲಿ ಸರಕಾರ ಬೇರೆ ದಾರಿ ಹಿಡಿದಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 2020ರಲ್ಲಿ ಕೊರೊನಾ ಕಾಲದಲ್ಲಿ ನಮ್ಮ ರಾಜ್ಯಗಳೆಲ್ಲ ಕಪಾಟಿನಿಂದ ತೆಗೆದ ಕಾಯಿದೆ ಅದೇ. ಸಿಪಾಯಿಗಳು ಮನೆಗಳಿಗೆ ನುಗ್ಗಿ ಹುಡುಕಿದರು, ಸಾಮಾನು ಸುಟ್ಟರು, ಹೆಂಗಸರನ್ನು ಬೀದಿಗೆ ಕರೆದು ಪರೀಕ್ಷಿಸಿದರು. ಪುಣೆಯಲ್ಲಿ ಸಿಟ್ಟು ಕೆರಳಿ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಅಷ್ಟು ಅಪನಂಬಿಕೆಯ ನಡುವೆಯೂ ಜನ ಈ ಪರದೇಶಿಯ ಸೂಜಿಗೆ ತೋಳು ಒಡ್ಡಿದರು. ಆಗಾ ಖಾನರು ತಾವೇ ಹಾಕಿಸಿಕೊಂಡು ತಮ್ಮ ಸಮುದಾಯದ ಸಾವಿರಾರು ಜನರಿಗೆ ಹಾಕಿಸಿದರು.

ಈಗ ನಮ್ಮ ಊರಿಗೆ ಬರೋಣ. ಹುಬ್ಬಳ್ಳಿ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ರೈಲ್ವೆ ಜಂಕ್ಷನ್, ರೈಲ್ವೆ ವರ್ಕ್‌ಶಾಪ್, ಹತ್ತಿ ಗಿರಣಿ. ಸರಕು ಬರುವ ಕಡೆ ಇಲಿಯೂ ಬರುತ್ತದೆ. 1898ರಲ್ಲಿ ಅಲ್ಲಿ ಪ್ಲೇಗ್ ಉಲ್ಬಣಿಸಿದಾಗ ದೇಶದಲ್ಲೇ ಅತಿ ದೊಡ್ಡದೆನ್ನಬಹುದಾದ ಲಸಿಕೆ ಕಾರ್ಯ ನಡೆಯಿತು. ಸುಮಾರು 50 ಸಾವಿರ ಜನರಿದ್ದ ಊರಿನಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಸೂಜಿ ಮಾಡಿಸಿಕೊಂಡರು, ಅನೇಕರು ಎರಡೆರಡು ಸಲ. ನಮ್ಮ ಅಜ್ಜಿಯ ಅಜ್ಜಿ ಅವರಲ್ಲಿ ಒಬ್ಬಳು. ಅವಳ ಹೆಸರು ಯಾವ ಪಟ್ಟಿಯಲ್ಲೂ ನನಗೆ ಸಿಕ್ಕಿಲ್ಲ, ಆದರೆ ಅವಳು ಉಳಿದದ್ದರಿಂದಲೇ ಈ ಅಂಕಣ ಬರೆಯಲು ನಾನು ಇದ್ದೇನೆ. ಅದೇ ಆಗಸ್ಟ್‌ನಲ್ಲಿ ರೋಗ ಹುಬ್ಬಳ್ಳಿಯಿಂದ ರೈಲು ಹತ್ತಿ ಬೆಂಗಳೂರು ತಲುಪಿತು. ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳು, ಗಾಳಿ ಬೆಳಕಿನ ಮನೆಗಳು ಆ ಭಯದ ಕಾಲದಲ್ಲೇ ಬೆಳೆದವು.

1899ರಲ್ಲಿ ಹಾಫ್‌ಕಿನ್ ಅವರ ಪ್ರಯೋಗಾಲಯ ಪರೇಲ್‌ನ ಹಳೆಯ ಗವರ್ನರ್ ಬಂಗಲೆಗೆ ಸ್ಥಳಾಂತರವಾಯಿತು. ಕೈಕೆಳಗೆ ಹತ್ತಾರು ಜನ, ದೇಶದ ಮೂಲೆ ಮೂಲೆಯಿಂದ ಬೇಡಿಕೆ. 1902ರಲ್ಲಿ ಪಂಜಾಬ್ ಸರಕಾರ ಲಕ್ಷಗಟ್ಟಲೆ ಡೋಸ್ ಕೇಳಿತು. ಅಷ್ಟು ಬೇಗ ಅಷ್ಟು ಮಾಡಬೇಕೆಂದರೆ ವಿಧಾನದಲ್ಲಿ ಬದಲಾವಣೆ ಬೇಕಿತ್ತು. ಕಾರ್ಬಾಲಿಕ್ ಆಮ್ಲ ಬೆರೆಸುವ ಹಂತವನ್ನು ಹಾಫ್‌ಕಿನ್ ಕೈಬಿಟ್ಟರು. ಕಾಯಿಸುವುದರಿಂದಲೇ ಶುದ್ಧಿಯಾಗುತ್ತದೆ, ಪಾಶ್ಚರ್ ಸಂಸ್ಥೆಯಲ್ಲೂ ಹಾಗೆಯೇ ಮಾಡುತ್ತಾರೆ ಎಂಬುದು ಅವರ ತರ್ಕ. ವಿಜ್ಞಾನದ ದೃಷ್ಟಿಯಿಂದ ಅದು ಸರಿಯಿತ್ತು. ಆದರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ವಿಧಾನ ಬದಲಾದ ಹೊಸತರಲ್ಲಿ ಏನೇ ಕೆಟ್ಟರೂ ಮೊದಲ ಬೆರಳು ಹೋಗುವುದು ಬದಲಾಯಿಸಿದವನ ಕಡೆಗೇ.

ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಸೂಜಿ ಹಾಕಿದರು. ಈಗ ಆ ಊರು ಪಾಕಿಸ್ತಾನದಲ್ಲಿದೆ. ಸುಮಾರು ಒಂದು ವಾರದಲ್ಲಿ 19 ಜನರಿಗೆ ಧನುರ್ವಾಯು ಹತ್ತಿತು. ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಬಾಗಿ, ಆ 19 ಜನರೂ ಸತ್ತರು. ಎಲ್ಲರಿಗೂ ಮದ್ದು ಬಂದದ್ದು ಒಂದೇ ಬಾಟಲಿಯಿಂದ, ನಂಬರ್ 53-ಎನ್. ಬೇರೆ ಬಾಟಲಿಗಳಿಂದ ಹಾಕಿಸಿಕೊಂಡ 88 ಜನರಿಗೆ ಏನೂ ಆಗಲಿಲ್ಲ.

ಪ್ರಶ್ನೆ ಒಂದೇ. ಧನುರ್ವಾಯುವಿನ ಕ್ರಿಮಿ ಬಾಟಲಿಯೊಳಗೆ ಹೋದದ್ದು ಎಲ್ಲಿ? ಪರೇಲ್‌ನಲ್ಲಿ ಮುಚ್ಚುವ ಮುಂಚೆಯೋ, ಮಲ್ಕೋವಾಲ್‌ನಲ್ಲಿ ತೆರೆಯುವಾಗಲೋ? ಸರಕಾರ ನೇಮಿಸಿದ ತನಿಖಾ ಆಯೋಗ ಮುಚ್ಚುವ ಮುಂಚೆಯೇ ಎಂದು ತೀರ್ಮಾನಿಸಿತು. ಕಾರ್ಬಾಲಿಕ್ ಬಿಟ್ಟದ್ದು ತಪ್ಪೆಂದಿತು. ಹಾಫ್‌ಕಿನ್ ಅವರನ್ನು ಪ್ರಯೋಗಾಲಯದ ಮುಖ್ಯಸ್ಥನ ಸ್ಥಾನದಿಂದ ಇಳಿಸಿದರು. ಸಂಬಳವಿಲ್ಲದ ರಜೆ. 1904ರಲ್ಲಿ ಅವರು ಭಾರತ ಬಿಟ್ಟು ಹೋದರು. ತಾವು ಕಟ್ಟಿದ ಪ್ರಯೋಗಾಲಯದಲ್ಲಿ ತಮ್ಮದೇ ಲಸಿಕೆಯನ್ನು ಬೇರೆಯವರು ಮಾಡುತ್ತಿರುವಾಗ, 19 ಸಾವುಗಳ ಹೊಣೆ ಹೊತ್ತು ಲಂಡನ್ನಿನಲ್ಲಿ ಕೂತರು.

ಇಲ್ಲಿ ನನ್ನ ಒಂದು ಕಥೆ ಹೇಳಲೇಬೇಕು. ಹಾಫ್‌ಕಿನ್ ಬಗ್ಗೆ ಓದಲು ಶುರು ಮಾಡಿದ್ದೇ ಅದರಿಂದ.

ಹನ್ನೊಂದು ವರ್ಷದ ಹಿಂದೆ ನಮ್ಮ ಒಂದು ಗ್ರಾಹಕ ಕಂಪನಿಯಿಂದ ದೂರು ಬಂತು. ಡ್ರಮ್ಮಿನಲ್ಲಿ ಕಳಿಸಿದ ದ್ರಾವಣ ಕಲಕಾಗಿದೆ, ನೀರು ಸೇರಿದೆ, ಪೂರ್ತಿ ಲಾಟ್ ವಾಪಸು ತೆಗೆದುಕೊಳ್ಳಿ. ಮರುದಿನ ಹತ್ತು ಗಂಟೆಗೆ ಕಾರಣ ಬರೆದು ಕಳಿಸಬೇಕಿತ್ತು. ಸಭೆಯಲ್ಲಿ ಅರ್ಧ ಗಂಟೆಯೊಳಗೆ ಎಲ್ಲರ ಬೆರಳೂ ಒಂದೇ ಕಡೆ ಹೋಯಿತು. ಅವತ್ತು ಡ್ರಮ್ ತುಂಬಿದವನು ಒಡಿಶಾದಿಂದ ಬಂದ ಗುತ್ತಿಗೆ ಹುಡುಗ. ಬಂದು ನಾಲ್ಕು ತಿಂಗಳಾಗಿತ್ತು. ತಮಿಳು ಬರುತ್ತಿರಲಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಪೈಪು ಒರೆಸದೆ ತುಂಬಿರಬೇಕು ಎಂದರು ಒಬ್ಬರು. ಅವನನ್ನು ಕರೆಸಿ ಕೇಳಿದೆವು. ಅವನು ತಲೆ ಅಲ್ಲಾಡಿಸಿದ. ಹೌದೆಂದೋ ಅಲ್ಲವೆಂದೋ ಯಾರಿಗೂ ತಿಳಿಯಲಿಲ್ಲ, ತಿಳಿಯುವ ತಾಳ್ಮೆಯೂ ನಮಗಿರಲಿಲ್ಲ. ಮೂಲ ಕಾರಣ ಎಂಬ ಖಾನೆಯಲ್ಲಿ ಕೆಲಸಗಾರನ ತಪ್ಪು ಎಂದು ಬರೆದು ಸಹಿ ಹಾಕಿದ್ದು ನಾನೇ. ಸಂಜೆ ಅವನ ಗೇಟ್ ಪಾಸ್ ವಾಪಸು ಪಡೆದರು.

ನಮ್ಮಲ್ಲಿ ಪ್ರತಿ ಬ್ಯಾಚಿನ ಒಂದು ಸ್ಯಾಂಪಲ್ ಬಾಟಲಿಯನ್ನು ವರ್ಷದವರೆಗೆ ಕಾದಿರಿಸುತ್ತೇವೆ. ದೂರು ಬಂದರೆ ಮೊದಲು ತೆಗೆಯಬೇಕಾದ್ದು ಅದನ್ನು. ನಾನು ತೆಗೆದಿರಲಿಲ್ಲ. ಮೂರು ವಾರದ ನಂತರ ಅದೇ ಬಗೆಯ ಇನ್ನೊಂದು ದೂರು ಬಂತು. ಆ ಲಾಟ್ ತುಂಬುವ ಹೊತ್ತಿಗೆ ಆ ಹುಡುಗ ಕೆಲಸದಲ್ಲೇ ಇರಲಿಲ್ಲ. ಆಗ ಕಪಾಟು ತೆರೆದೆ. ಎರಡೂ ಬಾಟಲಿ ಕನ್ನಡಿಯಂತೆ ತಿಳಿಯಾಗಿದ್ದವು. ಪೈಪಿನಲ್ಲಿ ನೀರಿರಲಿಲ್ಲ, ಅವನು ತಪ್ಪು ಮಾಡಿರಲಿಲ್ಲ. ತೊಳೆದು ಮರುಬಳಕೆಗೆ ಬರುತ್ತಿದ್ದ ಡ್ರಮ್ಮುಗಳು ಒಣಗದೆಯೇ ಬರುತ್ತಿದ್ದವು. ಗುತ್ತಿಗೆದಾರನಿಂದ ಹುಡುಗನ ಎರಡು ಮೊಬೈಲ್ ನಂಬರ್ ಪಡೆದೆ. ಎರಡೂ ಸ್ವಿಚ್ ಆಫ್. ವರದಿ ತಿದ್ದಿ ಬರೆದೆ, ಅವನ ಹೆಸರು ತೆಗೆದೆ. ಆದರೆ ತಿದ್ದಿದ ವರದಿ ಅವನಿಗೆ ತಲುಪಲಿಲ್ಲ.

ಆ ರಾತ್ರಿ ಕಲುಷಿತವಾದ ಬಾಟಲಿ, ತಪ್ಪು ಹೊಣೆ ಎಂದು ಹುಡುಕುತ್ತಾ ಹೋದಾಗ ಕಣ್ಣಿಗೆ ಬಿದ್ದದ್ದು 53-ಎನ್.

ಮಲ್ಕೋವಾಲ್ ಕಾಗದಗಳಲ್ಲೂ ಉತ್ತರ ಮೊದಲಿನಿಂದಲೇ ಇತ್ತು. ಸೂಜಿ ಹಾಕುವ ದಿನ ಬಾಟಲಿಯ ಬಿರಡೆ ಕೀಳುವ ಮುಂಚೆ ಸಹಾಯಕನ ಕೈಯಿಂದ ಇಕ್ಕಳ ಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಕ್ರಿಮಿಶುದ್ಧಿ ಮಾಡದೆ ಬಿರಡೆ ಕೀಳಲು ಬಳಸಿದ್ದರು. ಹಳ್ಳಿಯ ಮಣ್ಣಿನಲ್ಲಿ ಧನುರ್ವಾಯುವಿನ ಕ್ರಿಮಿ ಇರುತ್ತದೆ ಎಂಬುದು ವೈದ್ಯರಿಗೆಲ್ಲ ತಿಳಿದ ಸಂಗತಿ. ಇನ್ನೊಂದು ಸಾಕ್ಷ್ಯವೂ ಇತ್ತು. ವಾರಗಟ್ಟಲೆ ಮುಚ್ಚಿದ ಬಾಟಲಿಯಲ್ಲಿ ಆ ಕ್ರಿಮಿ ಬೆಳೆದಿದ್ದರೆ ತೆರೆದ ಕೂಡಲೇ ಗಬ್ಬು ವಾಸನೆ ಹೊಡೆಯಬೇಕಿತ್ತು. ತೆರೆದಾಗ ಅಂಥ ವಾಸನೆ ಬಂದಿರಲಿಲ್ಲ. ಇವೆಲ್ಲ ಆಯೋಗದ ಮುಂದೆಯೇ ಇದ್ದವು. ಆದರೆ ತೀರ್ಮಾನ ಅವುಗಳ ಜೊತೆ ಹೊಂದಲಿಲ್ಲ.

ಯಾಕೆ ಹೀಗಾಯಿತು? ಹಾಫ್‌ಕಿನ್ ಅಲ್ಲಿ ಎಲ್ಲ ರೀತಿಯಲ್ಲೂ ಹೊರಗಿನವರು. ಬ್ರಿಟಿಷ್ ವೈದ್ಯ ಸೇವೆಯ ಅಧಿಕಾರಿಗಳ ನಡುವೆ ವೈದ್ಯ ಪದವಿ ಇಲ್ಲದ ಪ್ರಾಣಿಶಾಸ್ತ್ರಜ್ಞ. ರಷ್ಯದಿಂದ ಬಂದ ಯಹೂದಿ. ಅಂಥವರ ಮೇಲೆ ಹೊಣೆ ಹೊರಿಸಿದರೆ ಕಚೇರಿಯೊಳಗಿನ ಯಾರಿಗೂ ನೋವಾಗುವುದಿಲ್ಲ. ಆ ದಿನಗಳಲ್ಲೇ ಕೆಲವರು ಇದನ್ನು ಫ್ರಾನ್ಸಿನ ಡ್ರೇಫಸ್ ಪ್ರಕರಣಕ್ಕೆ ಹೋಲಿಸಿದ್ದರು. ನಾನು ಮಾತ್ರ ಇದನ್ನು ನಮ್ಮ ಸಭೆಗೆ ಹೋಲಿಸುತ್ತೇನೆ. ನಾವು ಯಾರೂ ಕೆಟ್ಟವರಾಗಿರಲಿಲ್ಲ. ಗಡಿಯಾರ ಓಡುತ್ತಿತ್ತು, ಒಂದು ಹೆಸರು ಬೇಕಿತ್ತು, ತನ್ನ ಪರ ಮಾತಾಡಲು ಭಾಷೆ ಇಲ್ಲದವನೊಬ್ಬ ಕೈಗೆ ಸಿಕ್ಕ.

ಇಕ್ಕಳ ಬೀಳಿಸಿದ ಸಹಾಯಕನನ್ನು ಈಗ ದೂರಲು ನನಗೆ ಮನಸ್ಸಿಲ್ಲ. ಒಂದೇ ದಿನ 107 ಜನರ ಸಾಲು, ಹಳ್ಳಿಯ ಧೂಳು, ಅವಸರ. ಎಂಥವರ ಕೈಯಿಂದಲೂ ಇಕ್ಕಳ ಬೀಳುತ್ತದೆ. ಬಿದ್ದರೆ ಏನು ಮಾಡಬೇಕು ಎಂಬುದು ಕೈಪಿಡಿಯಲ್ಲಿದ್ದರೆ ಸಾಲದು, ಸಾಲು ನಿಲ್ಲಿಸಿ ಅದನ್ನು ಮಾಡುವಷ್ಟು ಹೊತ್ತೂ ಧೈರ್ಯವೂ ಅವನಿಗೆ ಇರಬೇಕು. ಅದನ್ನು ಕೊಡುವುದು ಮೇಲಿನವರ ಕೆಲಸ.

ಹಾಫ್‌ಕಿನ್ ಸುಮ್ಮನೆ ಕೂರಲಿಲ್ಲ. ದಾಖಲೆಗಳನ್ನು ಒಂದೊಂದಾಗಿ ಮುಂದಿಟ್ಟು ವಾದಿಸಿದರು. ಅವರ ಪರ ನಿಂತವರಲ್ಲಿ ಮುಖ್ಯರು ರೊನಾಲ್ಡ್ ರಾಸ್, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡುಹಿಡಿದು ನೊಬೆಲ್ ಪಡೆದವರು. ಲಂಡನ್ನಿನ ಲಿಸ್ಟರ್ ಸಂಸ್ಥೆ ಸಾಕ್ಷ್ಯಗಳನ್ನು ಮತ್ತೆ ಪರಿಶೀಲಿಸಿ, ಬಾಟಲಿ ತೆರೆಯುವಾಗಲೇ ಕ್ರಿಮಿ ಸೇರಿರುವ ಸಾಧ್ಯತೆ ಹೆಚ್ಚೆಂದಿತು. 1907ರ ಜುಲೈನಲ್ಲಿ ರಾಸ್ ಸೇರಿ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಆರೋಪಕ್ಕೆ ಆಧಾರವಿಲ್ಲ ಎಂದು ಸಾರಿದರು. ಆ ವರ್ಷದ ಕೊನೆಗೆ ಸರಕಾರ ಅವರನ್ನು ಮತ್ತೆ ಭಾರತಕ್ಕೆ ಕರೆಯಿತು.

ಕರೆದದ್ದು ಪರೇಲ್‌ಗಲ್ಲ, ಕಲ್ಕತ್ತಾಗೆ. ಅಲ್ಲಿ ಒಂದು ಪ್ರಯೋಗಾಲಯ ಕೊಟ್ಟರು, ಲಸಿಕೆ ಮಾಡುವ ಸೌಲಭ್ಯ ಕೊಡಲಿಲ್ಲ. ಕಳಂಕ ಹೋಯಿತು, ಕೆಲಸ ಮರಳಲಿಲ್ಲ. ಕೆಲವು ವರ್ಷ ಅಲ್ಲಿದ್ದು, 55ನೇ ವಯಸ್ಸಿನ ಹೊತ್ತಿಗೆ ನಿವೃತ್ತರಾಗಿ ಯುರೋಪಿಗೆ ಮರಳಿದರು. ಮದುವೆಯಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ತಮ್ಮ ಧರ್ಮದ ಆಚರಣೆಗೆ ಹತ್ತಿರವಾದರು, ಉಳಿತಾಯವನ್ನೆಲ್ಲ ಪೂರ್ವ ಯುರೋಪಿನ ಯಹೂದಿ ಶಾಲೆಗಳಿಗೆ ಬಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಅದಕ್ಕೆ ಐದು ವರ್ಷ ಮೊದಲು, 1925ರಲ್ಲಿ, ಪರೇಲ್‌ನ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಆ ಸುದ್ದಿ ಅವರು ಬದುಕಿರುವಾಗಲೇ ತಲುಪಿತು ಎಂಬುದು ಸಮಾಧಾನ. 1897ರಿಂದ 1925ರ ನಡುವೆ ಮುಂಬೈಯಿಂದ ಹೊರಟ ಪ್ಲೇಗ್ ಲಸಿಕೆ 2 ಕೋಟಿ 60 ಲಕ್ಷ ಡೋಸ್. ಆ ಅಲೆಯಲ್ಲಿ ಭಾರತದಲ್ಲಿ ಪ್ಲೇಗಿಗೆ ಸತ್ತವರು ಒಂದು ಕೋಟಿಗೂ ಹೆಚ್ಚು. ಲಸಿಕೆ ಇರದಿದ್ದರೆ ಲೆಕ್ಕ ಎಲ್ಲಿಗೆ ನಿಲ್ಲುತ್ತಿತ್ತೋ.

ಪ್ಲೇಗ್ ಪೂರ್ತಿ ಹೋಗಿಲ್ಲ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಕಾಣಿಸಿ ಲಕ್ಷಾಂತರ ಜನ ಊರು ಬಿಟ್ಟು ಓಡಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹಾಗೆ ಓಡಿದವರಲ್ಲಿ ಹೆಚ್ಚಿನವರು ದುಡಿಯಲು ಬಂದ ಪರ ಊರಿನವರು. 2017ರಲ್ಲಿ ಮಡಗಾಸ್ಕರ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಬಂದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಈಗ ಆಂಟಿಬಯಾಟಿಕ್ ಇವೆ, ಬೇಗ ಗುರುತಿಸಿದರೆ ಗುಣವಾಗುತ್ತದೆ. ಕರ್ನಾಟಕ, ಆಂಧ್ರ, ತಮಿಳುನಾಡು ಸೇರುವ ಕೋಲಾರ, ಚಿತ್ತೂರು, ಹೊಸೂರು ಸುತ್ತಿನ ಪ್ರದೇಶ ಹಿಂದೆ ಪ್ಲೇಗ್ ಬೇರು ಬಿಟ್ಟ ನೆಲ. ಅಲ್ಲಿನ ಕಾಡು ಇಲಿಗಳ ಮೇಲೆ ಕಣ್ಣಿಡಲು ಬೆಂಗಳೂರಿನಲ್ಲಿ ಕೇಂದ್ರ ಸರಕಾರದ ಒಂದು ಘಟಕವೇ ಇದೆ. ಬೆಂಗಳೂರಿನಲ್ಲೂ ಇಲ್ಲಿಯ ಕೊಯಮತ್ತೂರಿನಲ್ಲೂ ಇರುವ ಪ್ಲೇಗ್ ಮಾರಿಯಮ್ಮನ ಗುಡಿಗಳಿಗೆ ಈಗಲೂ ಜನ ಕೈಮುಗಿಯುತ್ತಾರೆ.

ಗೋದಾಮಿನ ಆ ಎರಡು ಇಲಿಗಳಿಗೆ ಬರೋಣ. ಕೈಗವಸು ಹಾಕಿಸಿ, ಚೀಲಕ್ಕೆ ತುಂಬಿಸಿ, ನಗರಪಾಲಿಕೆಗೆ ತಿಳಿಸಿದೆವು. ಅವು ಸತ್ತದ್ದು ಮಳೆ ನೀರಿಗೆ, ಬೇರೇನೂ ಅಲ್ಲ. ಬರಿಗೈಯಲ್ಲಿ ಎತ್ತಲು ಹೋದ ಹುಡುಗ ಬಿಹಾರದವನು, ಬಂದು ಆರು ತಿಂಗಳು. ಕೈಗವಸು ಯಾಕೆ ಹಾಕಲಿಲ್ಲ ಎಂದು ಬೈಯುವ ಮುಂಚೆ ಕೈಗವಸಿನ ಪೆಟ್ಟಿಗೆ ಎಲ್ಲಿದೆ ಎಂದು ನೋಡಿದೆ. ಅದು ಸ್ಟೋರ್ಸ್‌ನ ಬೀರುವಿನಲ್ಲಿ, ಬೀಗದೊಳಗೆ ಇತ್ತು. ಬೀಗದ ಕೈ ಇದ್ದದ್ದು ನನ್ನ ವಿಭಾಗದಲ್ಲೇ.

ಈಗ ಆ ಪೆಟ್ಟಿಗೆ ಗೋದಾಮಿನ ಬಾಗಿಲ ಪಕ್ಕದಲ್ಲಿ ತೆರೆದೇ ಇದೆ. ದೂರಿನ ನಮೂನೆಯಲ್ಲೂ ಒಂದು ಖಾನೆ ಸೇರಿಸಿದ್ದೇನೆ. ಕಾದಿರಿಸಿದ ಸ್ಯಾಂಪಲ್ ನೋಡಿದಿರಾ, ಹೌದು ಅಥವಾ ಇಲ್ಲ. ಅದನ್ನು ತುಂಬದೆ ಯಾರ ಹೆಸರನ್ನೂ ಬರೆಯುವಂತಿಲ್ಲ. ಒಡಿಶಾದ ಆ ಹುಡುಗನ ಎರಡು ನಂಬರ್ ನನ್ನ ಫೋನಿನಲ್ಲಿ ಇನ್ನೂ ಇವೆ. ವರ್ಷಕ್ಕೊಮ್ಮೆ ಒತ್ತಿ ನೋಡುತ್ತೇನೆ.